ಸಾಲಿನ ಪಕ್ಕದಲ್ಲೇ ಎಲೆ

ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರ ಕಥೆ ‘ಹಸುರು ಹೊನ್ನು’. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬರೆದವರು ಬಿ.ಜಿ.ಎಲ್. ಸ್ವಾಮಿ, ಬಸವನಗುಡಿಯ ರಸ್ತೆಯೊಂದು ಯಾರ ಹೆಸರು ಹೊತ್ತಿದೆಯೋ ಆ ಡಿ.ವಿ.ಜಿ.ಯವರ ಮಗ. ಒಳಗಿನ ಗಿಡ, ಎಲೆ, ಹೂವಿನ ಚಿತ್ರಗಳೂ ಅವರ ಕೈಯವೇ. ಪುಸ್ತಕದ ಭಾಷೆಯನ್ನು, ಹಾಸ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ಆ ಗೆರೆಗಳು ಮಾಡಿದ ಕೆಲಸವೂ ಅಷ್ಟೇ ದೊಡ್ಡದು ಎಂದು ನನ್ನ ನಂಬಿಕೆ.

ಅದು ಅಚ್ಚುಮೊಳೆಯ ಕಾಲ. ಮೈಸೂರು ರಸ್ತೆಯಲ್ಲಿ ಬೆಂಗಳೂರು ಪ್ರೆಸ್ಸು, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿಗೆ ಬಿ.ಎಂ.ಶ್ರೀ ಹೆಸರಿನ ಅಚ್ಚುಕೂಟ. ಆಗ ಫೋಟೋ ಅಚ್ಚಾಗಬೇಕಾದರೆ ಚುಕ್ಕಿಚುಕ್ಕಿಯ ಹಾಫ್‌ಟೋನ್ ಬ್ಲಾಕು ಮಾಡಿಸಬೇಕಿತ್ತು. ಒರಟು ಕಾಗದದ ಮೇಲೆ ಆ ಚುಕ್ಕಿಗಳು ಕಲಸಿಹೋಗುತ್ತಿದ್ದವು. ಹಾಗಾಗಿ ಫೋಟೋಗಳನ್ನು ಆರ್ಟ್ ಪೇಪರಿನಲ್ಲಿ ಬೇರೆಯಾಗಿ ಅಚ್ಚು ಹಾಕಿ ನಡುವೆಲ್ಲೋ ಹೊಲಿಯುತ್ತಿದ್ದರು. ಓದುವುದು ಒಂದು ಪುಟದಲ್ಲಿ, ನೋಡುವುದು ಇನ್ನೆಲ್ಲೋ. ರೇಖಾಚಿತ್ರಕ್ಕೆ ಈ ಕಷ್ಟವಿಲ್ಲ. ಸತುವಿನ ತಗಡಿನಲ್ಲಿ ಆಮ್ಲ ಉಳಿದದ್ದನ್ನೆಲ್ಲ ತಿಂದು ಗೆರೆಯನ್ನಷ್ಟೇ ಬಿಡುತ್ತದೆ. ಅದನ್ನು ಮರದ ತುಂಡಿಗೆ ಬಡಿದು ಮೊಳೆಯ ಎತ್ತರಕ್ಕೆ ತಂದರೆ ಅಕ್ಷರದ ಜೊತೆಗೇ, ಅದೇ ಕಾಗದದ ಮೇಲೆ, ಅದೇ ಶಾಯಿಯಲ್ಲಿ ಮೂಡುತ್ತದೆ. ಎಲೆಯ ವಿವರಣೆ ಓದುತ್ತಿರುವ ಕಣ್ಣಿಗೆ ಎಲೆ ಅಲ್ಲೇ ಸಿಗುತ್ತದೆ. ವಿನ್ಯಾಸವೆಂದರೆ ಮೊದಲು ಇದು, ಅಲಂಕಾರ ಆಮೇಲೆ.

ಕನ್ನಡದ ಪುಟಕ್ಕೆ ಇನ್ನೊಂದು ಸವಾಲಿದೆ. ನಮ್ಮ ಅಕ್ಷರ ಸಾಲಿನ ಮೇಲೆ ಸುಮ್ಮನೆ ಕೂರುವುದಿಲ್ಲ. ಗುಣಿತ ಮೇಲೇಳುತ್ತದೆ, ಒತ್ತು ಕೆಳಗಿಳಿಯುತ್ತದೆ. ‘ರಾಷ್ಟ್ರ’ದಂಥ ಪದದಲ್ಲಿ ಒತ್ತಿಗೊಂದು ಒತ್ತು. ಇಂಗ್ಲಿಷಿಗೆಂದು ಮಾಡಿದ ಪುಟದ ಅಳತೆಯಲ್ಲಿ ಕನ್ನಡವನ್ನು ತುಂಬಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪದಗಳೋ ಪ್ರತ್ಯಯ ಸೇರಿಸಿಕೊಂಡು ಉದ್ದವಾಗುತ್ತವೆ. ಚಿತ್ರದ ಪಕ್ಕದ ಕಿರಿದಾದ ಜಾಗದಲ್ಲಿ ಎರಡೂ ಅಂಚು ಸಮ ಮಾಡಲು ಹೋದರೆ ಸಾಲಿನಲ್ಲಿ ಎರಡೇ ಪದ, ನಡುವೆ ಬಯಲು. ಬಲ ಅಂಚನ್ನು ಹಾಗೇ ಬಿಡುವ ಧೈರ್ಯವನ್ನು ನಮ್ಮ ಪ್ರಕಾಶಕರು ಇನ್ನೂ ಹೆಚ್ಚು ತೋರಬೇಕು. ಮಕ್ಕಳ ಪುಸ್ತಕದಲ್ಲಂತೂ ಇದು ಅಂದಚೆಂದದ ಮಾತಲ್ಲ. ಕೂಡಿಸಿ ಓದಲು ಕಲಿಯುತ್ತಿರುವ ಮಗು ಬಣ್ಣದ ಚಿತ್ರದ ಮೇಲೆ ಹರಡಿದ ಅಕ್ಷರದಲ್ಲಿ ಒತ್ತು ಕಾಣದೆ ತಡವರಿಸಿ ಪುಸ್ತಕವನ್ನೇ ಮುಚ್ಚಿಬಿಡುತ್ತದೆ.

ಗಾಂಧಿಬಜಾರಿನ ಅಂಕಿತ ಪುಸ್ತಕದಂಥ ಮಳಿಗೆಗೆ ಹೊಕ್ಕರೆ ಮುಖಪುಟಗಳು ಎಷ್ಟು ಬದಲಾಗಿವೆ ಎಂಬುದು ಕಾಣುತ್ತದೆ. ಚಂದ್ರನಾಥ ಆಚಾರ್ಯ, ಅಪಾರ ಅವರಂಥವರು ಮುಖಪುಟಕ್ಕೂ ಒಂದು ವ್ಯಕ್ತಿತ್ವವಿದೆ ಎಂದು ತೋರಿಸಿಕೊಟ್ಟರು. ಕನ್ನಡ ಪುಸ್ತಕ ಪ್ರಾಧಿಕಾರ ‘ಪುಸ್ತಕ ಸೊಗಸು’ ಬಹುಮಾನ ಕೊಡುತ್ತದೆ. ಮಕ್ಕಳ ಪುಸ್ತಕಕ್ಕೆ ಬೇರೆ, ಮುಖಪುಟಕ್ಕೂ ಬೇರೆ. ಸಂತೋಷ. ಆದರೆ ಎಷ್ಟೋ ಪುಸ್ತಕಗಳಲ್ಲಿ ಹೊದಿಕೆ ದಾಟಿದ ಮೇಲೆ ಅದೇ ಇಕ್ಕಟ್ಟು: ಹೊಲಿಗೆಯೊಳಗೆ ಅರ್ಧ ಮುಳುಗಿದ ಚಿತ್ರ, ಹಿಂದಿನ ಪುಟದಲ್ಲೇ ಉಳಿದ ಅಡಿಬರಹ.

ಸ್ವಾಮಿಯವರಿಗೆ ಲೇಖಕನೂ ಚಿತ್ರಕಾರನೂ ಒಬ್ಬನೇ ಆಗಿದ್ದ ಅನುಕೂಲವಿತ್ತು. ಉಳಿದವರಿಗೆ ದಾರಿ ಒಂದೇ. ಡಿಟಿಪಿ ಮುಗಿದು, ಪುಟಸಂಖ್ಯೆ ನಿಗದಿಯಾಗಿ, ಇನ್ನು ಚಿತ್ರ ತುರುಕುವುದಷ್ಟೇ ಬಾಕಿ ಎಂಬಾಗ ವಿನ್ಯಾಸಕಾರರನ್ನು ಕರೆಯುವುದು ನಿಲ್ಲಬೇಕು. ಹಸ್ತಪ್ರತಿ ಕೈಸೇರಿದ ದಿನವೇ ಲೇಖಕ, ಚಿತ್ರಕಾರ, ವಿನ್ಯಾಸಕಾರ ಮೂವರೂ ಒಟ್ಟಿಗೆ ಕೂತು, ಯಾವ ಸಾಲಿನ ಪಕ್ಕ ಯಾವ ಚಿತ್ರ ಎಂದು ಗುರುತು ಹಾಕಿಕೊಳ್ಳಲಿ.