ನಾಲಿಗೆಗೆ ಸಿಗದ ಪಾಷಾಣ

ಅಣ್ಣಿಗೇರಿ ಕಡೆಯ ಎರೆಸೀಮೆಯಲ್ಲಿ ನೀರಿನ ಮೊದಲ ಪರೀಕ್ಷೆ ನಡೆಯುವುದು ನಾಲಿಗೆಯ ಮೇಲೆ. ಬೋರಿನ ನೀರು ಒಂದು ಗುಟುಕು ಬಾಯಿಗೆ ಬಿದ್ದರೆ ಸಾಕು, ಸವಳೋ ಸಿಹಿಯೋ ತೀರ್ಮಾನವಾಗುತ್ತದೆ. ಎರಡನೆಯ ಪರೀಕ್ಷೆ ಒಲೆಯ ಮೇಲೆ: ಸವಳು ನೀರಿನಾಗ ಬ್ಯಾಳಿ ಬೇಯೂದಿಲ್ಲ. ಅದಕ್ಕೇ ಈ ಸೀಮೆಯ ಊರುಗಳು ಕುಡಿಯುವುದಕ್ಕೆ ನೆಚ್ಚಿಕೊಂಡದ್ದು ಮಲಪ್ರಭಾ ಕಾಲುವೆಯಿಂದ ತುಂಬಿಸಿಕೊಳ್ಳುವ ಕೆರೆಗಳನ್ನು. ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಮಕ್ಕಳ ಹಲ್ಲಿನ ಕಲೆಯೇ ಚಾಡಿ ಹೇಳುತ್ತದೆ.

ಆರ್ಸೆನಿಕ್ ಮಾತ್ರ ಈ ಯಾವ ಪರೀಕ್ಷೆಗೂ ಸಿಕ್ಕಿಬೀಳುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಾಟಿ ವೈದ್ಯರು ಶಂಖಪಾಷಾಣ, ಹರಿತಾಳ ಎಂದು ಅಳೆದು ತೂಗಿ ಮುಟ್ಟುತ್ತಿದ್ದ ವಸ್ತುಗಳಲ್ಲಿ ಇರುವುದೂ ಇದೇ. ಕುಡಿಯುವ ನೀರಿನ ಲೀಟರಿನಲ್ಲಿ ಇದು 10 ಮೈಕ್ರೋಗ್ರಾಂ ಮೀರಬಾರದು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು.

ಮೀರಿದರೆ ಏನಾಗುತ್ತದೆಂಬುದನ್ನು ಕರ್ನಾಟಕ ಕಂಡದ್ದು ಯಾದಗಿರಿ ಜಿಲ್ಲೆ ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ. ಹತ್ತಿರದಲ್ಲೇ ಮಂಗಳೂರಿನ ಹಳೆಯ ಚಿನ್ನದ ಗಣಿ. ಇದು ಕರಾವಳಿಯ ಮಂಗಳೂರಲ್ಲ, ಸುರಪುರದ್ದು. ಚಿನ್ನವಿರುವ ಕಲ್ಲಿನಲ್ಲಿ ಬಹಳ ಸಲ ಆರ್ಸೆನಿಕ್ ಕೂಡ ಜೊತೆಗಿರುತ್ತದೆ. ಚಿನ್ನ ತೆಗೆದು ಚೆಲ್ಲಿದ ಪುಡಿಯಲ್ಲಿ ಅದು ಉಳಿದುಬಿಡುತ್ತದೆ. ಜಾಧವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಇಲ್ಲಿನ 59 ಕೊಳವೆಬಾವಿ ನೀರಿನ ಮಾದರಿಗಳಲ್ಲಿ ಶೇ. 79ರಷ್ಟು ಮಿತಿ ಮೀರಿದ್ದವು. ಒಂದರಲ್ಲಂತೂ 303 ಮೈಕ್ರೋಗ್ರಾಂ. ಪರೀಕ್ಷಿಸಿದ 181 ಜನರಲ್ಲಿ ಶೇ. 58.6 ಮಂದಿಯ ಚರ್ಮದಲ್ಲಿ ಆರ್ಸೆನಿಕ್ಕಿನ ಗುರುತುಗಳಿದ್ದವು.

ಆ ಗುರುತುಗಳು ಮೋಸದವು. ಮೈಮೇಲೆ ಮಳೆಹನಿ ಸಿಡಿದಂತೆ ಕಪ್ಪು ಬಿಳಿ ಚುಕ್ಕೆ, ಅಂಗೈ ಅಂಗಾಲಿನಲ್ಲಿ ಜೋಳದ ಕಾಳಿನಂಥ ಗಡಸು ಗಂಟು. ಕುಡಗೋಲು, ಗುದ್ದಲಿ ಹಿಡಿದ ಕೈ ಜಡ್ಡುಗಟ್ಟಿದೆ ಅಂದುಕೊಂಡು ಸುಮ್ಮನಾಗುವುದು ಸಹಜ. ಅವು ಕಾಣಿಸಿಕೊಳ್ಳುವ ಹೊತ್ತಿಗೆ ಆ ನೀರು ಕುಡಿಯುತ್ತ ವರ್ಷಗಳೇ ಕಳೆದಿರುತ್ತವೆ. ಮುಂದೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರಿನ ಭಯ.

ಕುದಿಸಿದರೆ ಹೋಗುವುದಿಲ್ಲವೇ? ಇಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ವಿಷ ಇನ್ನಷ್ಟು ಗಟ್ಟಿಯಾಗುತ್ತದೆ. ಅಂಥ ನೀರಲ್ಲೇ ಎಸರಿಟ್ಟು ಜೋಳದ ಹಿಟ್ಟು ನಾದಿದರೆ ಎಸರಿನಲ್ಲಿದ್ದದ್ದೆಲ್ಲ ರೊಟ್ಟಿಗೇ ಸೇರುತ್ತದೆ. ಅಕ್ಕಿಯದು ಬೇರೆ ಕಥೆ. ನಿಂತ ನೀರಿನ ಗದ್ದೆಯಲ್ಲಿ ಮಣ್ಣಿನ ಆರ್ಸೆನಿಕ್ ಕರಗುತ್ತದೆ, ಭತ್ತ ಅದನ್ನು ಹೀರುತ್ತದೆ. ಬಂಗಾಳದಲ್ಲಿ ಕೊಳವೆಬಾವಿಯ ನೀರು ಗದ್ದೆಗೆ ಹರಿದು, ಹೀಗೇ ಬಾವಿಯ ವಿಷ ಬಟ್ಟಲಿಗೂ ಬಂತು. ಒಳ್ಳೆಯ ನೀರು ಧಾರಾಳ ಹಾಕಿ ಅನ್ನ ಮಾಡಿ ಗಂಜಿ ಬಸಿದರೆ ಒಂದಷ್ಟು ಆರ್ಸೆನಿಕ್ ಇಳಿಯುತ್ತದೆ. ಕುಕ್ಕರಿನ ಅನ್ನಕ್ಕೆ ಆ ಭಾಗ್ಯವಿಲ್ಲ.

ನೀರಿನಲ್ಲಿ ಆರ್ಸೆನಿಕ್ ಇದೆಯೇ ಎಂಬ ಪರೀಕ್ಷೆಯೇನೂ ಬ್ರಹ್ಮವಿದ್ಯೆಯಲ್ಲ. ಸೀಸೆಯ ನೀರಿಗೆ ಆಮ್ಲ, ಸತುವಿನ ಪುಡಿ ಹಾಕಿ, ಬಾಯಿಗೆ ಔಷಧ ಸವರಿದ ಬಿಳಿ ಕಾಗದದ ಪಟ್ಟಿ ಇಡುತ್ತಾರೆ. ಗುಳ್ಳೆ ಏಳುತ್ತದೆ. ಕಾಗದ ಬೆಳ್ಳಗೇ ಉಳಿದರೆ ಚಿಂತೆ ಕಡಿಮೆ. ಹಳದಿಯಾಗಿ ಕಂದುಬಣ್ಣಕ್ಕೆ ತಿರುಗಿದಷ್ಟೂ ಆರ್ಸೆನಿಕ್ ಹೆಚ್ಚು. ಖಚಿತ ಲೆಕ್ಕ ಪ್ರಯೋಗಾಲಯದಲ್ಲಿ. ಹೊಸ ಬೋರಿನ ನೀರು ಬಾಟಲಿಯಲ್ಲಿ ತುಂಬಿ ಅಲ್ಲಿಗೆ ಒಯ್ಯುವವರು ಸವಳು, ಫ್ಲೋರೈಡಿನ ಜೊತೆಗೆ ಆರ್ಸೆನಿಕ್ಕನ್ನೂ ಹೆಸರು ಹಿಡಿದು ಕೇಳಿ ಬರೆಸಬೇಕು.