ಮೂಕಪ್ರಾಣಿಗಳ ಋಣವೂ ಗಣಕಯಂತ್ರವೂ

ಮಧುಮೇಹದ ಹೆಸರನ್ನು ಕೇಳದ ಮನೆ ಇಂದು ಬಸವಕಲ್ಯಾಣದಲ್ಲಿಯೂ ಇಲ್ಲ, ಹುಮನಾಬಾದಿನಲ್ಲಿಯೂ ಇಲ್ಲ. ಇನ್ಸುಲಿನ್ ಸೀಸೆಯು ಎಷ್ಟೋ ಸಂಸಾರಗಳಲ್ಲಿ ಹಾಲುಮೊಸರಿನಂತೆ ನಿತ್ಯದ ವಸ್ತುವಾಗಿದೆ. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಔಷಧಗಳಿಗೆ ಬೇಕಾದ ರಾಸಾಯನಿಕಗಳು ತಯಾರಾಗುತ್ತವೆ. ಅದರ ನೆರೆಯ ಕಲ್ಯಾಣವಾದರೋ ಜೀವದಯೆಯನ್ನು ಬೋಧಿಸಿದ ಶರಣರು ಬಾಳಿದ ಪುಣ್ಯಭೂಮಿ. ಮದ್ದೂ ದಯೆಯೂ ಹೀಗೆ ನೆರೆಹೊರೆಯಾಗಿರುವ ನಮ್ಮ ಸೀಮೆಯ ಗೃಹಸ್ಥರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಯುಕ್ತವಾಗಿದೆ: ನಮ್ಮ ಬೇನೆಯನ್ನು ಕಳೆಯುವ ಮದ್ದಿಗಾಗಿ ಮೂಕಪ್ರಾಣಿಗಳು ನೋವನ್ನು ಉಣ್ಣಲೇಬೇಕೆ? ಗಣಕಯಂತ್ರವು ಅವುಗಳನ್ನು ಬಿಡಿಸಲಾರದೆ?

ಮೊದಲು ಋಣದ ಲೆಕ್ಕವನ್ನು ನೋಡೋಣ. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬಿಬ್ಬರು ನಾಯಿಗಳ ಮೇದೋಜೀರಕ ಗ್ರಂಥಿಯನ್ನು ತೆಗೆದರು. ಅವುಗಳಿಗೆ ಮಧುಮೇಹವು ಉಂಟಾಯಿತು. ಅದೇ ಬಗೆಯ ಗ್ರಂಥಿಯಿಂದ ತೆಗೆದ ಸಾರವನ್ನು ಚುಚ್ಚಿದಾಗ ರಕ್ತದ ಸಕ್ಕರೆಯು ಇಳಿಯಿತು. ಮರುವರ್ಷದ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನು ಆ ಮದ್ದಿನಿಂದ ಮೃತ್ಯುಮುಖದಿಂದ ಹೊರಬಂದನು. ಅಲ್ಲಿಯ ವರೆಗೆ ಮಕ್ಕಳಿಗೆ ಬಂದ ಮಧುಮೇಹವೆಂದರೆ ಮರಣವೆಂದೇ ಅರ್ಥ. ಆ ಬಳಿಕ ಸುಮಾರು 60 ವರ್ಷಗಳ ಕಾಲ ಜಗತ್ತಿನ ಇನ್ಸುಲಿನ್ ದನ ಹಂದಿಗಳ ಗ್ರಂಥಿಗಳಿಂದಲೇ ಬರುತ್ತಿದ್ದಿತು.

ಪ್ರಾಣಿಪರೀಕ್ಷೆಯನ್ನು ಬರಿಯ ಕ್ರೌರ್ಯವೆಂದು ಜರೆಯುವುದು ಸುಲಭ. ಆದರೆ 1937ರಲ್ಲಿ ಅಮೆರಿಕದಲ್ಲಿ ಒಂದು ಸಲ್ಫಾ ಔಷಧವನ್ನು ವಿಷದ್ರವದಲ್ಲಿ ಕರಗಿಸಿ, ಯಾವ ಪ್ರಾಣಿಗೂ ಕೊಟ್ಟು ನೋಡದೆ ಮಾರಿದರು. ನೂರಕ್ಕೂ ಮಿಕ್ಕಿ ಜನ ಸತ್ತರು. ಅವರಲ್ಲಿ ಎಳೆಯ ಮಕ್ಕಳೂ ಇದ್ದರು. ಮದ್ದು ನಿರಪಾಯವೆಂದು ಮೊದಲೇ ತೋರಿಸಬೇಕೆಂಬ ಕಾನೂನು 1938ರಲ್ಲಿ ಹುಟ್ಟಿದುದು ಆ ದುಃಖದಿಂದ.

ಹಾಗೆಂದು ಪ್ರಾಣಿಯ ಸಾಕ್ಷ್ಯವು ಸದಾ ಸತ್ಯವೂ ಅಲ್ಲ. 2006ರಲ್ಲಿ ಲಂಡನ್ನಿನಲ್ಲಿ ಆರು ಮಂದಿ ಆರೋಗ್ಯವಂತರಿಗೆ ಒಂದು ಹೊಸ ಮದ್ದನ್ನು ಕೊಟ್ಟರು. ಪ್ರಾಣಿಗಳಲ್ಲಿ ನಿರಪಾಯವೆಂದು ಕಂಡ ಪ್ರಮಾಣದ 500ರಲ್ಲಿ ಒಂದು ಪಾಲು ಮಾತ್ರ ಅದು. ಆದರೂ ಆರು ಮಂದಿಯೂ ಪ್ರಾಣಾಪಾಯಕ್ಕೆ ಸಿಲುಕಿ, ಕಷ್ಟದಿಂದ ಉಳಿದುಕೊಂಡರು. ಮಂಗನ ದೇಹವು ಮನುಷ್ಯನ ದೇಹವಲ್ಲ.

ಇನ್ನು ಗಣಕಯಂತ್ರದ ಮಾತು. ಪಂಚಾಂಗ ಬರೆಯುವವನು ಸೂರ್ಯಚಂದ್ರರನ್ನು ಮುಟ್ಟಿ ನೋಡುವುದಿಲ್ಲ. ಅವುಗಳ ಚಲನೆಯ ನಿಯಮವನ್ನು ತಿಳಿದು, ಬರುವ ವರ್ಷದ ಗ್ರಹಣವನ್ನು ಲೆಕ್ಕದಿಂದಲೇ ಹೇಳುತ್ತಾನೆ. ಗಣಕಯಂತ್ರದ ಪ್ರಯೋಗವೂ ಇಂತಹುದೇ. ಹೃದಯದ ಬಡಿತ, ಸಕ್ಕರೆಯ ಏರಿಳಿತ ಇವುಗಳ ನಿಯಮಗಳನ್ನು ಸಮೀಕರಣಗಳಾಗಿ ಬರೆದು ಯಂತ್ರಕ್ಕೆ ಕೊಟ್ಟರೆ, ಮದ್ದು ಏನು ಮಾಡೀತೆಂಬುದನ್ನು ಅದು ಎಣಿಸಿ ಹೇಳುತ್ತದೆ. 1960ರಲ್ಲಿಯೇ ಡೆನಿಸ್ ನೋಬಲ್ ಎಂಬ ಆಂಗ್ಲ ವಿಜ್ಞಾನಿಯು ಹೃದಯಕೋಶದ ಮಿಡಿತವನ್ನು ಹೀಗೆ ಲೆಕ್ಕಹಾಕಿ ತೋರಿಸಿದ್ದನು.

ಇದರ ಫಲವು ಮಧುಮೇಹದ ವಿಷಯದಲ್ಲಿಯೇ ಅತ್ಯಂತ ಸ್ಪಷ್ಟವಾಗಿ ಕಂಡುಬಂದಿತು. ಇನ್ಸುಲಿನ್ನನ್ನು ತಾನಾಗಿ ಅಳೆದು ಕೊಡುವ ಯಂತ್ರದ ಲೆಕ್ಕಾಚಾರವನ್ನು ಮೊದಲು ಪ್ರಾಣಿಗಳಲ್ಲಿ ಪರೀಕ್ಷಿಸಬೇಕಾಗಿದ್ದಿತು. ಅಮೆರಿಕದ ವರ್ಜೀನಿಯಾ ಮತ್ತು ಇಟಲಿಯ ಪಾಡುವಾ ವಿಶ್ವವಿದ್ಯಾನಿಲಯಗಳವರು ವಯಸ್ಕರು, ಹದಿಹರೆಯದವರು, ಮಕ್ಕಳು ತಲಾ 100ರಂತೆ 300 ಕಾಲ್ಪನಿಕ ರೋಗಿಗಳನ್ನು ಗಣಕದಲ್ಲಿ ನಿರ್ಮಿಸಿದರು. 2008ರಲ್ಲಿ ಅಮೆರಿಕದ ಔಷಧ ಇಲಾಖೆಯು ಪ್ರಾಣಿಪರೀಕ್ಷೆಗೆ ಬದಲಾಗಿ ಇದನ್ನು ಅಂಗೀಕರಿಸಿತು. ನಾಯಿಯಿಂದ ಆರಂಭವಾದ ವಿದ್ಯೆಯು 87 ವರ್ಷಗಳ ತರುವಾಯ ತನ್ನ ಒಂದು ಭಾಗದಿಂದ ನಾಯಿಯನ್ನು ಬಿಡುಗಡೆ ಮಾಡಿತು. 2017ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು 62 ಔಷಧಗಳನ್ನು ಮಾನವಹೃದಯದ ಗಣಕರೂಪದಲ್ಲಿ ಪರೀಕ್ಷಿಸಿದರು. ಹೃದಯದ ಬಡಿತವನ್ನು ಕೆಡಿಸುವ ಮದ್ದು ಯಾವುದೆಂಬುದನ್ನು ಗಣಕವು ನೂರಕ್ಕೆ 89ರಷ್ಟು ಸರಿಯಾಗಿ ಹೇಳಿತು. ಮೊಲಗಳ ಮೇಲಣ ಹಿಂದಿನ ಪ್ರಯೋಗಗಳು ಹೆಚ್ಚೆಂದರೆ 75ರಷ್ಟು.

ಆದರೆ ವಾಚಕರು ಒಂದನ್ನು ಮರೆಯಬಾರದು. ನಿಯಮ ತಿಳಿಯದ ಗ್ರಹಣವನ್ನು ಪಂಚಾಂಗವು ಹೇಳಲಾರದು. ಕಲಿಸದ ಪಾಠವನ್ನು ಗಣಕವು ಒಪ್ಪಿಸಲಾರದು. ನೋಬಲನ ಸಮೀಕರಣಗಳಿಗೂ ಆಧಾರವಾದ ಅಂಕಿಗಳು ಪ್ರಾಣಿಗಳ ಹೃದಯತಂತುಗಳನ್ನು ಅಳೆದೇ ಬಂದವು. ಬಸುರಿನಲ್ಲಿರುವ ಶಿಶುವಿಗೆ ಮದ್ದು ಏನು ಮಾಡೀತು, ವರ್ಷಗಟ್ಟಲೆ ಸೇವಿಸಿದರೆ ಯಕೃತ್ತು ಏನಾದೀತು, ಇವೆಲ್ಲವನ್ನೂ ಲೆಕ್ಕದಿಂದಲೇ ನಿರ್ಧರಿಸುವಷ್ಟು ನಮ್ಮ ಜ್ಞಾನವು ಇನ್ನೂ ಬೆಳೆದಿಲ್ಲ. ಆದುದರಿಂದ ಗಣಕವು ಇಂದು ಪ್ರಾಣಿಗಳ ಸಂಖ್ಯೆಯನ್ನು ಇಳಿಸುತ್ತಿದೆಯೇ ಹೊರತು ಸೊನ್ನೆಗೆ ತಂದಿಲ್ಲ.

ನಮ್ಮ ದೇಶದ ಕಾನೂನೂ ಇದೇ ದಾರಿಯಲ್ಲಿ ನಡೆದಿದೆ. 1960ರ ಪ್ರಾಣಿಹಿಂಸಾ ನಿವಾರಣ ಶಾಸನದ ಅಡಿಯಲ್ಲಿ 1998ರಲ್ಲಿ ಪ್ರಯೋಗಗಳಿಗೆ ನಿಯಮಗಳು ಬಂದವು. 2014ರಲ್ಲಿ ಸೌಂದರ್ಯಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು ನಿಷೇಧವಾಯಿತು. 2023ರಲ್ಲಿ ಹೊಸ ಔಷಧಗಳ ನಿಯಮಗಳನ್ನು ತಿದ್ದಿ, ಗಣಕದ ಪ್ರಯೋಗಗಳಿಗೂ ಮಾನವಕೋಶಗಳಿಂದ ಬೆಳೆಸಿದ ಅಂಗಾಂಶಗಳ ಪರೀಕ್ಷೆಗಳಿಗೂ ಸ್ಥಾನವನ್ನು ಕೊಡಲಾಯಿತು.

ಗೃಹಸ್ಥನು ಮಾಡತಕ್ಕುದೇನು? ಪ್ರಾಣಿಗಳ ಮೇಲಣ ಮರುಕದಿಂದ ವೈದ್ಯರು ಕೊಟ್ಟ ಮದ್ದನ್ನು ಬಿಡುವುದು ದಯೆಯಲ್ಲ. ಅದರಿಂದ ಯಾವ ಜೀವವೂ ಉಳಿಯದು, ಮನೆಯ ಜೀವವೊಂದು ಹೋದೀತು. ಮದ್ದನ್ನು ಪೋಲುಮಾಡದೆ ಕ್ರಮವಾಗಿ ಸೇವಿಸಬೇಕು. ಲೆಕ್ಕದಲ್ಲಿ ಜಾಣರಾದ ಮಕ್ಕಳಿಗೆ, ಗಣಿತವು ಪರೀಕ್ಷೆಯ ಅಂಕಗಳಿಗಾಗಿ ಮಾತ್ರವಲ್ಲ, ಬೋನಿನ ಬಾಗಿಲನ್ನು ತೆರೆಯುವುದಕ್ಕೂ ಬರುತ್ತದೆಂದು ತಿಳಿಸಬೇಕು. ಶರಣರ ಕಲ್ಯಾಣದ ಬಾಲಕಿಯೊಬ್ಬಳು ನಾಳೆ ಅಂತಹ ಒಂದು ಸಮೀಕರಣವನ್ನು ಬರೆದರೆ, ನಾವು ಉಂಡ ಋಣದಲ್ಲಿ ಒಂದು ಕಂತು ತೀರಿದಂತಾಗುವುದು.