ರೋಹಿಣಿಯ ಗಾತ್ರಕ್ಕೆ ಚಂದ್ರನ ಸಾಕ್ಷ್ಯ

ಡಿಸೆಂಬರ್ ತಿಂಗಳಿನಲ್ಲಿ ರಾತ್ರಿಯ ಮೊದಲ ಜಾವದಲ್ಲಿ ಪೂರ್ವದಿಂದ ಮೇಲೇರುವ ಮಹಾವ್ಯಾಧನ ನಡುಪಟ್ಟಿಯ ಮೂರು ತಾರೆಗಳ ಸಾಲನ್ನು ಮೇಲಕ್ಕೆ ಮುಂದುವರಿಸಿದರೆ, ಕಿತ್ತಳೆ ಬಣ್ಣದ ರೋಹಿಣಿಯು ಕಾಣಸಿಗುತ್ತದೆ. ಕುಲುಮೆಯಲ್ಲಿ ಕಾದ ಕಬ್ಬಿಣದ ಬಣ್ಣದಂತೆಯೇ ನಕ್ಷತ್ರದ ಬಣ್ಣವೂ ಅದರ ಉಷ್ಣತೆಯನ್ನು ಸೂಚಿಸುತ್ತದೆ. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ರೋಹಿಣಿಯದು ಸುಮಾರು 3,600 ಮಾತ್ರ. ಆದರೂ ಅದು ಸೂರ್ಯನಿಗಿಂತ ಸುಮಾರು 400 ಮಡಿ ಶಕ್ತಿಯನ್ನು ಹೊರಸೂಸುತ್ತದೆ. ಕಾವು ಕಡಮೆಯಾಗಿಯೂ ಇಷ್ಟು ಶಕ್ತಿ ಹೊರಡಬೇಕಾದರೆ ಅದರ ಮೇಲ್ಮೈ ಬಹು ವಿಸ್ತಾರವಾಗಿರಲೇಬೇಕು.

ಈ ಊಹೆಯನ್ನು ಪರೀಕ್ಷಿಸುವ ಬಗೆ ಹೇಗೆ? ಸಾಮಾನ್ಯ ದೂರದರ್ಶಕದಲ್ಲಿಯೂ ನಕ್ಷತ್ರವು ಒಂದು ಬಿಂದುವೇ ಸರಿ. ಇಲ್ಲಿ ಚಂದ್ರನು ನೆರವಾಗುತ್ತಾನೆ. ಆಗಾಗ ಅವನು ರೋಹಿಣಿಗೆ ಅಡ್ಡಬರುವುದುಂಟು. 2015ರಿಂದ 2018ರವರೆಗೆ ಇಂತಹ ಮರೆಗಳ ಸರಣಿಯೇ ನಡೆಯಿತು. ಆಗ ನಕ್ಷತ್ರವು ಥಟ್ಟನೆ ಆರಿದಂತೆ ಕಣ್ಣಿಗೆ ತೋರುತ್ತದೆ. ಆದರೆ ಸೂಕ್ಷ್ಮವಾದ ಬೆಳಕಿನ ಮಾಪಕವು, ಸೆಕೆಂಡಿನ ನೂರರಲ್ಲಿ ಕೆಲವು ಪಾಲಿನಷ್ಟು ಕಾಲ ಬೆಳಕು ಕುಂದುತ್ತ ಹೋಗುವುದನ್ನು ದಾಖಲಿಸುತ್ತದೆ. ಚಂದ್ರನ ಚಲನೆಯ ವೇಗ ನಮಗೆ ತಿಳಿದಿದೆ. ಆದುದರಿಂದ ಬೆಳಕು ಕುಂದಿದ ಬಗೆಯಿಂದ ನಕ್ಷತ್ರದ ಕೋನವ್ಯಾಸವನ್ನು ಗಣಿಸಬಹುದು. ಅದು ಒಂದು ಡಿಗ್ರಿಯ 1,80,000 ಪಾಲುಗಳಲ್ಲಿ ಸುಮಾರು ಒಂದು ಪಾಲು! ರೋಹಿಣಿಯ ದೂರ ಸುಮಾರು 65 ಜ್ಯೋತಿರ್ವರ್ಷ. ಇವೆರಡರಿಂದ ಅದರ ವ್ಯಾಸವು ಸೂರ್ಯನ ವ್ಯಾಸದ ಸುಮಾರು 44 ಮಡಿ ಎಂದು ಸಿದ್ಧವಾಗುತ್ತದೆ. ಬಣ್ಣ ಮತ್ತು ಕಾಂತಿಗಳಿಂದ ಮಾಡಿದ ಲೆಕ್ಕವೂ ಇದನ್ನೇ ಹೇಳುತ್ತದೆ. ಎರಡು ಬೇರೆ ಬೇರೆ ದಾರಿಗಳು ಒಂದೇ ಉತ್ತರವನ್ನು ಮುಟ್ಟಿದಾಗಲೇ ವಿಜ್ಞಾನದಲ್ಲಿ ಊಹೆಯು ನಂಬಿಕೆಗೆ ಅರ್ಹವಾಗುತ್ತದೆ.